ತೆರೆಯ ಮೇಲಿನ ಅಮಲು

ಹುಣಸೂರು, ಪಿರಿಯಾಪಟ್ಟಣದಿಂದ ಸಾಲಿಗ್ರಾಮದ ಕಡೆಯವರೆಗೂ ಹೊಗೆಸೊಪ್ಪು ಮನೆಮಾತು. ವರ್ಜೀನಿಯಾ ತಂಬಾಕಿನ ಎಲೆಯನ್ನು ಬ್ಯಾರನ್‌ಗಳಲ್ಲಿ ಹದಮಾಡಿ ತಂಬಾಕು ಮಂಡಳಿಯ ಹರಾಜಿಗೆ ಒಯ್ಯುವುದು ಈ ಸೀಮೆಯಲ್ಲಿ ಕಾನೂನುಬದ್ಧ ಬೇಸಾಯ. ಅದೇ ನೆಲದ ಬದುವಿನಲ್ಲಿ ನಾಲ್ಕು ಗಾಂಜಾ ಗಿಡ ಕಂಡರೆ ಪೊಲೀಸರು ಬರುತ್ತಾರೆ. ಎರಡೂ ಚಟ ಹಿಡಿಸುವ ಗಿಡಗಳೇ. ಯಾವುದು ಬೆಳೆ, ಯಾವುದು ಅಪರಾಧ ಎಂಬ ಗೆರೆ ಎಳೆದದ್ದು ಕಾನೂನು. ಅದನ್ನು ಜನಮನದಲ್ಲಿ ದಪ್ಪಗೊಳಿಸಿದ್ದು ಸಿನಿಮಾ.

ಈ ಗೆರೆ ಬಹಳ ಹಳೆಯದಲ್ಲ. ದೇಶದ ಹಲವೆಡೆ ಗಾಂಜಾ ಒಂದು ಕಾಲಕ್ಕೆ ಅಬಕಾರಿ ಪರವಾನಗಿಯ ಅಂಗಡಿಗಳಲ್ಲೇ ಸಿಗುತ್ತಿತ್ತು. ವೈದ್ಯಕೀಯವಲ್ಲದ ಬಳಕೆಯನ್ನು ನಿಲ್ಲಿಸಲು 1961ರ ವಿಶ್ವಸಂಸ್ಥೆಯ ಒಪ್ಪಂದ 25 ವರ್ಷಗಳ ಗಡುವು ಕೊಟ್ಟಿತು. ಭಾರತದ ಮಾದಕ ವಸ್ತು ಕಾಯ್ದೆ ಜಾರಿಗೆ ಬಂದದ್ದು 1985ರ ನವೆಂಬರ್‌ನಲ್ಲಿ.

ಬೆಳ್ಳಿತೆರೆ ಅದಕ್ಕೂ ಮೊದಲೇ ತೀರ್ಪು ಕೊಟ್ಟಿತ್ತು. ದೇವ್ ಆನಂದರ 'ಹರೇ ರಾಮ ಹರೇ ಕೃಷ್ಣ' (1971) ಅಮಲನ್ನು ಕಠ್ಮಂಡುವಿನ ಹಿಪ್ಪಿಗಳ ನಡುವೆ ಇಟ್ಟಿತು. 'ಚರಸ್' (1976) ಅದನ್ನು ಕಳ್ಳಸಾಗಣೆದಾರರ ಕೈಗೆ ಕೊಟ್ಟಿತು. ಅಮಲೆಂದರೆ ಹೊರಗಿನವರು ತಂದ ಪಿಡುಗು ಎಂಬ ನಂಬಿಕೆ ಹೀಗೆ ಬೇರೂರಿತು. ವಿಪರ್ಯಾಸವೆಂದರೆ, ದೇವ್ ಆನಂದರ ಚಿತ್ರದ ಎಚ್ಚರಿಕೆಗಿಂತ 'ದಮ್ ಮಾರೋ ದಮ್' ಹಾಡೇ ಹೆಚ್ಚು ಕಾಲ ಉಳಿಯಿತು.

ತೋರಿಸಿದರೆ ಪ್ರಚಾರವಾದೀತು ಎಂಬ ಅಂಜಿಕೆ ಎಲ್ಲೆಡೆಯೂ ಇತ್ತು. ಹಾಲಿವುಡ್ಡಿನ ನಿಯಮಾವಳಿ ಈ ವಿಷಯವನ್ನೇ ನಿಷೇಧಿಸಿತ್ತು. ವ್ಯಸನಿಯೊಬ್ಬನ ನರಳಾಟವನ್ನು ಚಿತ್ರಿಸಿದ 'ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್' 1955ರಲ್ಲಿ ಒಪ್ಪಿಗೆ ಮುದ್ರೆಯಿಲ್ಲದೆಯೇ ತೆರೆಕಂಡಿತು. ಮರುವರ್ಷ ನಿಯಮ ಸಡಿಲವಾಯಿತು. ನಮ್ಮಲ್ಲಿ 1991ರ ಸೆನ್ಸಾರ್ ಮಾರ್ಗಸೂಚಿ ಚಿತ್ರಣವನ್ನು ಪೂರ್ತಿ ತಡೆಯಲಿಲ್ಲ, ವೈಭವೀಕರಣ ಕೂಡದು ಎಂದಿತು. ಎರಡರ ನಡುವಿನ ಅಂತರ ಎಷ್ಟು ತೆಳುವೆಂಬುದು 'ಉಡ್ತಾ ಪಂಜಾಬ್' (2016) ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದಾಗ ಗೊತ್ತಾಯಿತು. ನ್ಯಾಯಾಲಯ ಒಂದೇ ಕತ್ತರಿ ಪ್ರಯೋಗಕ್ಕೆ ಒಪ್ಪಿ ಚಿತ್ರವನ್ನು ಬಿಟ್ಟುಕೊಟ್ಟಿತು.

ಕನ್ನಡದಲ್ಲಿ ಎದ್ದುಕಾಣುವ ಉದಾಹರಣೆ 'ಶಬ್ದವೇಧಿ' (2000). ವಿಜಯ ಸಾಸನೂರರ ಕಾದಂಬರಿ ಆಧರಿಸಿ ಎಸ್. ನಾರಾಯಣ್ ನಿರ್ದೇಶಿಸಿದ ಇದು ಡಾ. ರಾಜ್‌ಕುಮಾರ್ ಅವರ ಕೊನೆಯ ಚಿತ್ರ. ಮಾದಕ ವಸ್ತು ಜಾಲದ ವಿರುದ್ಧ ಹೋರಾಡುವ ಪೊಲೀಸ್ ಅಧಿಕಾರಿಯ ಪಾತ್ರಕ್ಕೆ ಅವರ ಶುಭ್ರ ವರ್ಚಸ್ಸೇ ಅರ್ಧ ಬಲ. ಆದರೆ ಈ ಬಗೆಯ ಕಥೆಗಳಲ್ಲಿ ಸಾಮಾನ್ಯವಾಗಿ ಖಳ ಸೋತರೆ ಕಥೆ ಮುಗಿಯುತ್ತದೆ. ಚಟ ಹತ್ತಿದ ಹುಡುಗ ಮನೆಗೆ ಮರಳಿದ ಮೇಲೆ ಏನಾದ ಎಂಬುದನ್ನು ಕ್ಯಾಮೆರಾ ಕೇಳುವುದು ಅಪರೂಪ. 2020ರಲ್ಲಿ ಚಿತ್ರರಂಗದ ಕೆಲವರ ಬಂಧನವಾದಾಗ ಸುದ್ದಿವಾಹಿನಿಗಳು ಹಿಡಿದದ್ದೂ ಇದೇ ಜಾಡು: ಬಂಧನ, ಗುಟ್ಟು, ಗದ್ದಲ.

ಕಾನೂನಾದರೂ ತೆರೆಗಿಂತ ಕೊಂಚ ಮೆದು. ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ಸ್ವಇಚ್ಛೆಯಿಂದ ಚಿಕಿತ್ಸೆಗೆ ಒಪ್ಪಿದರೆ, ಕಾಯ್ದೆಯ 64ಎ ಕಲಮು ಅವನಿಗೆ ವಿಚಾರಣೆಯಿಂದ ರಕ್ಷಣೆ ನೀಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥವರಿಗೆಂದೇ ಪ್ರತ್ಯೇಕ ಚಿಕಿತ್ಸಾ ಕೇಂದ್ರವಿದೆ. ತೆರೆಯ ಮೇಲೆ ಬೇಡಿ, ಲಾಠಿಗಳನ್ನಷ್ಟೇ ಕಂಡ ತಂದೆತಾಯಿ ಮಗನನ್ನು ಬಚ್ಚಿಡುತ್ತಾರೆ. ಆಸ್ಪತ್ರೆಯ ದಾರಿಯನ್ನೂ ಕಂಡವರು ಅವನನ್ನು ಕೈಹಿಡಿದು ಕರೆದೊಯ್ದಾರು.