ಇಂಗ್ಲಿಷ್ ತರಗತಿಯಲ್ಲಿ ಶಿಕ್ಷಕರ ಭಾಷಾ ಪಲ್ಲಟ: ಅಧ್ಯಯನದ ವಿಧಾನಗಳು

ಇಂಗ್ಲಿಷ್ ಪಾಠದ ನಡುವೆ ಶಿಕ್ಷಕರು ಕನ್ನಡಕ್ಕೋ ತೆಲುಗಿಗೋ ತಿರುಗಿ, ಮತ್ತೆ ಇಂಗ್ಲಿಷಿಗೆ ಮರಳುವುದನ್ನು ಭಾಷಾಶಾಸ್ತ್ರದಲ್ಲಿ ‘ಕೋಡ್ ಸ್ವಿಚಿಂಗ್’ ಎನ್ನುತ್ತಾರೆ. ಇಲ್ಲಿ ಅದನ್ನು ‘ಭಾಷಾ ಪಲ್ಲಟ’ ಎಂದು ಕರೆಯೋಣ. ಧಾರೂರು, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಭಾಗದ ಪಾಲಕರಲ್ಲಿ ಒಂದು ದೂರು ಆಗಾಗ ಕೇಳಿಬರುತ್ತದೆ: “ಇಂಗ್ಲಿಷ್ ಪಿರಿಯಡ್‌ದಾಗೂ ಮಾಸ್ತರು ಕನ್ನಡದಾಗೇ ಹೇಳ್ತಾರ; ಹುಡುಗರಿಗೆ ಇಂಗ್ಲಿಷ್ ಹ್ಯಾಂಗ ಬರಬೇಕು?” ಇದೊಂದೇ ಮಾತಿನ ಮೇಲೆ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸುವ ಆಲೋಚನೆಯೂ ಹುಟ್ಟುತ್ತದೆ. ಆದ್ದರಿಂದ ಈ ದೂರನ್ನು ಪರೀಕ್ಷಿಸುವ ಕ್ರಮವನ್ನು ಪಾಲಕರೂ ಅರಿತಿರುವುದು ಅಗತ್ಯ.

ಗಡಿಯ ಹಿನ್ನೆಲೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಜಿಲ್ಲೆಯ ತಾಂಡೂರು ತಾಲ್ಲೂಕು, ಬೀದರ ಜಿಲ್ಲೆಯ ನಾರಾಯಣಖೇಡ ತಾಲ್ಲೂಕು ಮತ್ತು ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಆಂಧ್ರಪ್ರದೇಶಕ್ಕೆ ಸೇರಿದವು. ಇಂದು ಇವು ತೆಲಂಗಾಣದಲ್ಲಿವೆ. ಇಲ್ಲಿನ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ದಖ್ಖನಿ ಉರ್ದು ಕೇಳುತ್ತ ಬೆಳೆಯುತ್ತದೆ. ಭಾಷೆಗಳ ನಡುವಿನ ಇಂತಹ ಓಡಾಟ ಗಡಿಯ ಜನರಿಗೆ ಹೊಸದಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮಾತುಗಳು ತಮ್ಮ ಶಬ್ದಗಳನ್ನು ಉಳಿಸಿಕೊಂಡೇ ವಾಕ್ಯರಚನೆಯಲ್ಲಿ ಒಂದನ್ನೊಂದು ಹೋಲುವಂತಾಗಿವೆ ಎಂದು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ತೋರಿಸಿದರು. ಕನ್ನಡದ ಮಾತಿನಲ್ಲಿ ಇಂಗ್ಲಿಷ್ ಬೆರಕೆ ಯಾವ ಯಾವ ಕೆಲಸ ಮಾಡುತ್ತದೆ ಎಂಬುದನ್ನು ಎಸ್. ಎನ್. ಶ್ರೀಧರ್ 1978ರಷ್ಟು ಹಿಂದೆಯೇ ವಿವೇಚಿಸಿದ್ದಾರೆ.

ಮೊದಲ ವಿಧಾನ: ಎಣಿಕೆ

ಬಿ.ಎಡ್. ಓದಿದವರಿಗೆ ನೆಡ್ ಫ್ಲಾಂಡರ್ಸ್ ಅವರ ವೀಕ್ಷಣಾ ಪದ್ಧತಿ ಪರಿಚಿತ. ಪ್ರತಿ 3 ಸೆಕೆಂಡಿಗೊಮ್ಮೆ ತರಗತಿಯಲ್ಲಿ ನಡೆಯುತ್ತಿರುವುದನ್ನು 10 ವರ್ಗಗಳಲ್ಲಿ ಒಂದಕ್ಕೆ ಸೇರಿಸಿ ಗುರುತು ಹಾಕಬೇಕು. 7 ವರ್ಗ ಶಿಕ್ಷಕರ ಮಾತಿಗೆ, 2 ವಿದ್ಯಾರ್ಥಿಗಳ ಮಾತಿಗೆ, 1 ಮೌನ ಅಥವಾ ಗೊಂದಲಕ್ಕೆ. 45 ನಿಮಿಷದ ಪಾಠಕ್ಕೆ 900 ಗುರುತುಗಳಾಗುತ್ತವೆ. ಈ 10 ವರ್ಗಗಳಲ್ಲಿ ಭಾಷೆಗೆ ಪ್ರತ್ಯೇಕ ಸ್ಥಾನವಿಲ್ಲ. ಆದ್ದರಿಂದ ಪ್ರತಿ ಗುರುತಿನ ಪಕ್ಕದಲ್ಲಿ ‘ಇಂ’, ‘ಕ’, ‘ತೆ’, ‘ಉ’ ಎಂದು ಬರೆದುಕೊಂಡರೆ ಯಾವ ಭಾಷೆ ಎಷ್ಟು ಬಳಕೆಯಾಯಿತೆಂಬುದು ತಿಳಿಯುತ್ತದೆ. ‘ಮಾತೃಭಾಷೆ’ ಎಂಬ ಒಂದೇ ಕಲಂ ನಮ್ಮ ಶಾಲೆಗಳಿಗೆ ಸಾಲದು. ಶಿಕ್ಷಕರು ಇಂಗ್ಲಿಷಿನಿಂದ ತೆಲುಗಿಗೆ ತಿರುಗಿದಾಗ ಕನ್ನಡದ ಮಗುವಿಗೆ ಸಿಗುವುದು ಮಾತೃಭಾಷೆಯ ನೆರವಲ್ಲ, ಇನ್ನೊಂದು ಕಲಿತ ಭಾಷೆ.

ಎರಡನೆಯ ವಿಧಾನ: ಧ್ವನಿಮುದ್ರಣ ಮತ್ತು ವರ್ಗೀಕರಣ

ಪಾಠವನ್ನು ಧ್ವನಿಮುದ್ರಿಸಿ, ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳಬೇಕು. ಶಾನಾ ಪೊಪ್ಲಾಕ್ 1980ರಲ್ಲಿ ಬಳಸಿದ ವಿಂಗಡಣೆ ಇಲ್ಲಿ ಉಪಯುಕ್ತ. “ಓಪನ್ ಯುವರ್ ಬುಕ್ಸ್, ತಿಳೀತೇನು?” ಎಂಬುದು ಬಾಲಂಗೋಚಿಯ ಪಲ್ಲಟ. “ಲಿಸನ್ ಟು ಮಿ. ಈಗ ಒಂದು ಪ್ರಶ್ನೆ ಕೇಳತೀನಿ” ಎಂಬುದು ವಾಕ್ಯಗಳ ನಡುವಣ ಪಲ್ಲಟ. “ಈ ವರ್ಬ್‌ಗೆ ಪಾಸ್ಟ್ ಟೆನ್ಸ್ ಏನು?” ಎಂಬುದು ವಾಕ್ಯದೊಳಗಿನ ಪಲ್ಲಟ.

ರೂಪದ ಜೊತೆಗೆ ಉದ್ದೇಶವನ್ನೂ ಗುರುತಿಸಬೇಕು: ಪದದ ಅರ್ಥ, ವ್ಯಾಕರಣದ ವಿವರಣೆ, ಸೂಚನೆ, ಶಿಸ್ತು, ಸಮಾಧಾನ, ಹಾಜರಿಯಂತಹ ಇತರ ಕೆಲಸ. ಇಬ್ಬರು ಶಿಕ್ಷಕರು ಪಾಠದ ಮೂರನೆಯ ಒಂದು ಭಾಗ ಕನ್ನಡ ಬಳಸಿದರು ಎಂದುಕೊಳ್ಳೋಣ. ಒಬ್ಬರು ಕಠಿಣ ಪದವನ್ನು ಕನ್ನಡದಲ್ಲಿ ಬಿಡಿಸಿ, ಕೂಡಲೇ ಇಂಗ್ಲಿಷಿಗೆ ಮರಳಿ, ಮಕ್ಕಳಿಂದ ಅದೇ ಪದದ ವಾಕ್ಯ ಹೇಳಿಸಿದರು. ಇನ್ನೊಬ್ಬರು ಇಡೀ ಪಾಠದ ಅನುವಾದ ಓದಿ, ಉತ್ತರವನ್ನು ಹಲಗೆಯ ಮೇಲೆ ಬರೆದು ನಕಲು ಮಾಡಿಸಿದರು. ಎಣಿಕೆಯಲ್ಲಿ ಇಬ್ಬರೂ ಸಮಾನರು, ಕಲಿಕೆಯಲ್ಲಿ ಅಲ್ಲ. ಆದ್ದರಿಂದ ಪಲ್ಲಟದ ನಂತರ ಏನಾಯಿತು, ಮಗುವಿಗೆ ಇಂಗ್ಲಿಷಿನಲ್ಲಿ ಮಾತಾಡುವ ಅವಕಾಶ ಸಿಕ್ಕಿತೇ ಎಂಬುದು ಅಧ್ಯಯನದ ಮುಖ್ಯ ಪ್ರಶ್ನೆಯಾಗಬೇಕು.

ಮೂರನೆಯ ವಿಧಾನ: ಕೇಳಿ ತಿಳಿಯುವುದು

ಮುದ್ರಣದ ಆಯ್ದ ಭಾಗವನ್ನು ಶಿಕ್ಷಕರಿಗೇ ಕೇಳಿಸಿ, “ಇಲ್ಲಿ ಕನ್ನಡಕ್ಕೆ ಏಕೆ ತಿರುಗಿದಿರಿ?” ಎಂದು ವಿಚಾರಿಸಬೇಕು. ಪ್ರಶ್ನಾವಳಿ ಒಂದೇ ಸಾಲದು. ತಾವು ಎಷ್ಟು ಪಲ್ಲಟ ಮಾಡುತ್ತೇವೆಂಬುದು ಬಹಳ ಸಲ ಮಾತಾಡುವವರ ಗಮನಕ್ಕೇ ಬಂದಿರುವುದಿಲ್ಲ. ಮಕ್ಕಳನ್ನೂ ಕೇಳಬೇಕು. ಪಾಠ ಮುಗಿದ ಮೇಲೆ ಐದು ಪದಗಳ ಅರ್ಥ ಮತ್ತು ಎರಡು ವಾಕ್ಯಗಳನ್ನು ಹೇಳಿಸಿದರೆ ಎಷ್ಟು ತಲುಪಿತೆಂಬುದು ಗೊತ್ತಾಗುತ್ತದೆ.

ಎಚ್ಚರಿಕೆಗಳು

ಹೊರಗಿನವರು ಕುಳಿತಾಗ ಶಿಕ್ಷಕರು ಹೆಚ್ಚು ಇಂಗ್ಲಿಷ್ ಆಡುವುದು ಸಹಜ. ಮೊದಲ ಒಂದೆರಡು ದಿನಗಳ ದಾಖಲೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಇಬ್ಬರು ಬೇರೆ ಬೇರೆಯಾಗಿ ವರ್ಗೀಕರಿಸಿ ತಾಳೆ ನೋಡಬೇಕು. 50 ಮಾತುಗಳಲ್ಲಿ 40ಕ್ಕೆ ಒಂದೇ ಗುರುತು ಬಿದ್ದರೆ ಹೊಂದಾಣಿಕೆ ಶೇ. 80. ಶಿಕ್ಷಕರ, ಮುಖ್ಯೋಪಾಧ್ಯಾಯರ ಮತ್ತು ಪಾಲಕರ ಒಪ್ಪಿಗೆ ಪಡೆಯದೆ ಮುದ್ರಿಸಬಾರದು. ಆ ಮುದ್ರಣವನ್ನು ವಾಟ್ಸಾಪ್ ಗುಂಪಿಗೆ ಹಾಕುವುದು, ಶಿಕ್ಷಕರ ಮೇಲೆ ದೂರಿಗೆ ಬಳಸುವುದು ಸಲ್ಲದು.

ಪಾಲಕರಿಗೆ ಇದರ ಪ್ರಯೋಜನ

ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2016ರಿಂದ ದೆಹಲಿ, ಹೈದರಾಬಾದ್, ಪಟ್ನಾಗಳ ಪ್ರಾಥಮಿಕ ಶಾಲೆಗಳಲ್ಲಿ ನಡೆದ ‘ಮಲ್ಟಿಲೀಲಾ’ ಯೋಜನೆಯ ತರಗತಿ ವೀಕ್ಷಣೆಯಲ್ಲಿ, ಇಂಗ್ಲಿಷ್ ಮಾಧ್ಯಮವೆಂಬ ಹೆಸರಿದ್ದ ತರಗತಿಗಳಲ್ಲಿಯೂ ಬೇರೆ ಭಾಷೆಗಳ ಬಳಕೆ ಕಂಡುಬಂದಿತು. ಹೀಗಾಗಿ ಮಾಧ್ಯಮ ಬದಲಿಸಿದ ಮಾತ್ರಕ್ಕೆ ಪಲ್ಲಟ ನಿಲ್ಲುವುದಿಲ್ಲ. ಇಲ್ಲಿಯ ಕನ್ನಡವನ್ನು ಬಿಡಿಸಿ ಅಲ್ಲಿಗೆ ಕಳುಹಿಸಿದ ಮಗುವಿಗೆ ಅಲ್ಲಿ ಪಾಠ ಬಿಡಿಸಿ ಹೇಳುವ ಭಾಷೆ ತೆಲುಗಾಗಿರಬಹುದು.

ಸಂವಿಧಾನದ 350-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಇಂಗ್ಲಿಷ್ ಪಿರಿಯಡ್ ಹೇಗೆ ನಡೆಯಬೇಕೆಂದು ಅದು ಹೇಳುವುದಿಲ್ಲ. ಆ ಬೇಡಿಕೆಯನ್ನು ನಾವೇ ರೂಪಿಸಬೇಕು. ಕನ್ನಡ ಬಲ್ಲ ಇಂಗ್ಲಿಷ್ ಶಿಕ್ಷಕರು ಬೇಕೆಂದು ಮನವಿ ಬರೆಯುವಾಗ, ಯಾವ ಭಾಷೆಗೆ ಎಷ್ಟು ಸಲ, ಯಾವ ಉದ್ದೇಶಕ್ಕೆ ಪಲ್ಲಟವಾಯಿತು, ಮಕ್ಕಳಿಗೆ ಎಷ್ಟು ತಿಳಿಯಿತು ಎಂಬ ಒಂದು ಪುಟದ ದಾಖಲೆ ಜೊತೆಗಿದ್ದರೆ ಆ ಮನವಿಗೆ ಬಲ ಬರುತ್ತದೆ. ಶಾಲಾ ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನಿಟ್ಟು, ಶಿಕ್ಷಕರನ್ನು ಜೊತೆಗೂಡಿಸಿಕೊಂಡೇ ಕೆಲಸ ಆರಂಭಿಸಬಹುದು.