ಕಿಟ್ಟೆಲ್ ಎಂಬ ಹೆಸರು

ಹಳೇ ಹುಬ್ಬಳ್ಳಿಯಲ್ಲಿ ಹಾನಗಲ್ಲ, ಗದಗ, ಹಾವೇರಿ ಎಂಬ ಅಡ್ಡಹೆಸರುಗಳು ಶ್ರೋತೃಗಳಿಗೆ ಪರಿಚಿತವಾದುವು. ಊರು ಬಿಟ್ಟವರ ಬೆನ್ನಿಗೆ ಊರ ಹೆಸರು ಬಂದಿತು. ಇದಕ್ಕೆ ತಿರುವುಮುರುವಾಗಿ, ಜರ್ಮನಿಯ ಅಡ್ಡಹೆಸರೊಂದು ನಮ್ಮಲ್ಲಿ ಸ್ಥಳದ ಹೆಸರಾಗಿದೆ, ಅದು ಕಿಟ್ಟೆಲ್. ಜರ್ಮನ್ ಭಾಷೆಯಲ್ಲಿ ಈ ಶಬ್ದಕ್ಕೆ ಕೆಲಸಗಾರರು ತೊಡುವ ಸಡಿಲವಾದ ಅಂಗಿಯೆಂದು ಅರ್ಥ. 1832ರಲ್ಲಿ ಜನಿಸಿದ ಫರ್ಡಿನಂಡ್ ಕಿಟ್ಟೆಲ್ಲರು ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿ 1853ರಲ್ಲಿ ಧಾರವಾಡಕ್ಕೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದ ಮೇಲೆ ಹೆಸರು ಗ್ರಂಥಕ್ಕೇ ಅಂಟಿತು: ‘ಕಿಟ್ಟೆಲ್ ನೋಡಿರಿ’ ಎಂದರೆ ಕೋಶ ತೆರೆಯಿರಿ ಎಂದೇ ಅರ್ಥ. ಕೂಲಿಯವನ ಅಂಗಿಯೊಳಗೆ ಸುಮಾರು 70,000 ಶಬ್ದಗಳು ಹಿಡಿಸಿದುದು ಸೋಜಿಗವಲ್ಲವೆ? ಧಾರವಾಡದಲ್ಲಿ ಅದು ಕಾಲೇಜಿನ ಹೆಸರೂ ಆಯಿತು. ಬೆಂಗಳೂರಿನ ಆಸ್ಟಿನ್ ಟೌನಿಗೆ ಕಿಟ್ಟೆಲ್ ನಗರವೆಂದು ಹೆಸರಿಟ್ಟರೂ ಅಲ್ಲಿಯ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ.