ಮೂವತ್ತೆರಡು ಸಾಸಿರದ ಹೆಸರು

ಶಿರಾ ಸೀಮೆಯ ಬಡಗಣ ಗಡಿ ದಾಟಿದರೆ ಹೇಮಾವತಿ ಎಂಬ ಹಳ್ಳಿ ಸಿಗುತ್ತದೆ. ಶಾಸನಗಳು ಅದನ್ನು ಪೆಂಜೇರು ಎಂದೂ ಹೆಂಜೇರು ಎಂದೂ ಕರೆದಿವೆ. ನೊಳಂಬವಾಡಿ ಮೂವತ್ತೆರಡು ಸಾಸಿರವನ್ನು ಆಳಿದ ನೊಳಂಬ ಪಲ್ಲವರು ಸಿಂಹಾಸನ ಹೂಡಿದ್ದು ಇಲ್ಲಿ. ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆಗಳ ಕಲ್ಲುಬೆಟ್ಟಗಳೂ ಕೆರೆ ಬಯಲುಗಳೂ ಆ ಅರಸರ ಕುದುರೆಗಳು ತುಳಿದ ನೆಲ. ಅವರ ಅರಮನೆಯ ಗುರುತು ಇಂದು ಇಲ್ಲ. ಹೆಸರು ಮಾತ್ರ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತ ಬಂತು. ಅದನ್ನು ಹೆಚ್ಚು ಜೋಪಾನ ಮಾಡಿದವರು ನೊಳಂಬರ ಬಂಧುಗಳಲ್ಲ, ಅವರನ್ನು ಗೆದ್ದವರು.

ಹೇಮಾವತಿಯ ಸ್ತಂಭಶಾಸನ ವಂಶಾವಳಿಯನ್ನು ಕಂಚಿಯ ತ್ರಿನಯನ ಪಲ್ಲವನಿಂದ ಶುರುಮಾಡುತ್ತದೆ. ಮಂಗಳ ನೊಳಂಬಾಧಿರಾಜ, ಸಿಂಹಪೋತ, ಚಾರುಪೊನ್ನೇರ, ಪೊಲಲ್ಚೋರ, ಮಹೇಂದ್ರ, ಅಯ್ಯಪದೇವ, ಅಣ್ಣಿಗ, ದಿಲೀಪ ಹೀಗೆ ಸಾಲು ಇಳಿಯುತ್ತದೆ. ಕಂಚಿಯ ನಂಟನ್ನು ಪೂರ್ತಿ ನಂಬಬೇಕಾಗಿಲ್ಲ. ಹೊಸದಾಗಿ ತಲೆಯೆತ್ತಿದ ಮನೆತನಕ್ಕೆ ಹಳೆಯ ಊರಿನ ಹೆಸರೊಂದು ಬೇಕಾಗುತ್ತಿತ್ತು. ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದಲ್ಲಿ ಚಾರುಪೊನ್ನೇರನ ಕೈಲಿದ್ದದ್ದು ನೊಳಂಬಳಿಗೆ ಸಾಸಿರವಷ್ಟೇ. ಮನೆತನದ ಹೆಸರು ನಾಡಿಗೆ ಅಂಟಿತು, ನಾಡು ಬೆಳೆದು ಮೂವತ್ತೆರಡು ಸಾಸಿರವಾಯಿತು.

ನೆರೆಯ ಗಂಗರೊಡನೆ ಇವರದು ಮದುವೆಯ ಸಂಬಂಧವೂ ಹೌದು, ಕತ್ತಿಯ ಸಂಬಂಧವೂ ಹೌದು. ಪೊಲಲ್ಚೋರ ಗಂಗರ ಮಗಳು ಜಾಯಬ್ಬೆಯನ್ನು ತಂದ. ಅವರ ಮಗ ಮಹೇಂದ್ರ ಒಂಬತ್ತನೆಯ ಶತಮಾನದ ಕೊನೆಗೆ ಧರ್ಮಪುರಿಯವರೆಗೂ ಕೈಚಾಚಿದ. ಅವನನ್ನು ಮುಗಿಸಿದ ಗಂಗ ಎರೆಯಪ್ಪ ‘ಮಹೇಂದ್ರಾಂತಕ’ ಎಂಬ ಬಿರುದು ಧರಿಸಿದ. ಮುಂದೆ ಅದೇ ಎರೆಯಪ್ಪ ಮಹೇಂದ್ರನ ಮಗ ಅಯ್ಯಪದೇವನ ನೆರವಿಗೆ ಸೈನ್ಯ ಕಳುಹಿದ.

ಆ ಕಥೆಯನ್ನು ಹೇಳುವುದು ಬೇಗೂರಿನ ವೀರಗಲ್ಲು. ಅದು ಈಗ ಬೆಂಗಳೂರಿನ ಸರ್ಕಾರಿ ಸಂಗ್ರಹಾಲಯದಲ್ಲಿದೆ. ಆನೆ ಕುದುರೆಗಳ ನೂಕುನುಗ್ಗಲು, ಕಾಲಡಿಯಲ್ಲಿ ಬಿದ್ದ ಆಳುಗಳು, ಒಂದಂಗುಲವೂ ಖಾಲಿ ಬಿಡದ ಕೆತ್ತನೆ. ಬೀರ ಮಹೇಂದ್ರನೆಂಬ ವೈರಿಯ ಮೇಲೆ ಅಯ್ಯಪದೇವನಿಗೆ ಒತ್ತಾಸೆಯಾಗಿ ಎರೆಯಪ್ಪ ಕಳುಹಿದ ನಾಗತ್ತರ ತುಂಬೆಪಾಡಿಯಲ್ಲಿ ಆನೆಯನ್ನೇ ಎದುರಿಸಿ ಇರಿದು ಸತ್ತ. ಸುದ್ದಿ ಕೇಳಿದ ಎರೆಯಪ್ಪ ಇರುಗ ಎಂಬವನಿಗೆ ‘ನಾಗತ್ತರ’ ಪಟ್ಟವನ್ನೇ ಕಟ್ಟಿ, ಬೆಂಪೂರು ಹನ್ನೆರಡು ಎಂಬ ನಾಡನ್ನು ಕೊಟ್ಟ. ಸತ್ತವನ ಹೆಸರನ್ನು ಬದುಕಿದವನ ಹಣೆಗೆ ಕಟ್ಟುವ ಈ ಪದ್ಧತಿಯನ್ನು ನೆನಪಿಟ್ಟುಕೊಳ್ಳಬೇಕು. ನೊಳಂಬ ಎಂಬ ಹೆಸರಿಗೂ ಮುಂದೆ ಆದದ್ದು ಅದೇ.

ಗಂಗ ಇಮ್ಮಡಿ ಮಾರಸಿಂಹ 963ರಿಂದ 974ರವರೆಗೆ ಆಳಿದವನು. ನೊಳಂಬರನ್ನು ಸದೆಬಡಿದು ‘ನೊಳಂಬಕುಲಾಂತಕ’ನೆನಿಸಿಕೊಂಡ. ಮುಂದೆ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗೆ ‘ವೀರಮಾರ್ತಂಡ’ ಎಂಬ ಬಿರುದು ಬಂದದ್ದು ಗೋನೂರ ಬಯಲಿನಲ್ಲಿ ಈ ನೊಳಂಬರೊಡನೆ ಕಾದಿದ್ದಕ್ಕೆ. ಕುಲ ಅಳಿಯಿತೆಂದು ಡಂಗುರ ಸಾರಿದ್ದಷ್ಟೇ. ಅದರ ಕೊಂಬೆಗಳು ಆಮೇಲೂ ಚಿಗುರುತ್ತಿದ್ದವು. ರಾಜರಾಜ ಚೋಳ ತನ್ನ ಮೆಯ್ಕೀರ್ತಿಯಲ್ಲಿ ಗಂಗಪಾಡಿಯ ಪಕ್ಕದಲ್ಲೇ ನುಳಂಬಪಾಡಿಯನ್ನೂ ಗೆದ್ದೆನೆಂದು ಬರೆಸಿದ. ಚೋಳರು ಈ ಸೀಮೆಗೆ ನಿಗರಿಲಿಚೋಳಮಂಡಲ ಎಂದು ಹೊಸ ನಾಮಕರಣವನ್ನೂ ಮಾಡಿದರು. ಆ ಹೆಸರು ಇಂದು ಶಾಸನ ಓದುವವರಿಗೆ ಮಾತ್ರ ಗೊತ್ತು.

ಕಲ್ಯಾಣದ ಚಾಲುಕ್ಯರ ಜಾಣತನ ಬೇರೆ ಬಗೆಯದು. ಆರನೆಯ ವಿಕ್ರಮಾದಿತ್ಯನ ತಮ್ಮ ಜಯಸಿಂಹ ಈ ನಾಡನ್ನು ಆಳಲು ಬಂದಾಗ ವೀರನೊಳಂಬ ಪಲ್ಲವ ಪೆರ್ಮಾನಡಿ ಎಂದು ಕರೆಸಿಕೊಂಡ. ಅವನು ಪಲ್ಲವನೂ ಅಲ್ಲ, ನೊಳಂಬನೂ ಅಲ್ಲ. ಕೊನೆಗೆ ಅಣ್ಣನ ಮೇಲೆಯೇ ತಿರುಗಿ ಬಿದ್ದು ಸೋತ. ಅವನ ನಂತರ ಉಚ್ಚಂಗಿಯ ಪಾಂಡ್ಯರು ನೊಳಂಬವಾಡಿಯ ಒಡೆಯರಾದರು; ಹೊಯ್ಸಳ ವಿಷ್ಣುವರ್ಧನ ಬಂದು ‘ನೊಳಂಬವಾಡಿಗೊಂಡ’ ಎಂದು ಬಿರುದಿನ ಸಾಲಿಗೆ ಸೇರಿಸಿಕೊಂಡ. ಹೆಸರಿಗೆ ಬೆಲೆಯಿಲ್ಲದಿದ್ದರೆ ಇಷ್ಟು ಜನ ಅದಕ್ಕೆ ಜಗಳವಾಡುತ್ತಿರಲಿಲ್ಲ.

ಹೆಂಜೇರಿನ ಗದ್ದುಗೆಗೆ ಬಂದ ಇನ್ನೊಂದು ಮನೆತನವೂ ತೆಂಕಣದ ಹೆಸರು ಹೊತ್ತದ್ದೇ. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗದ ಚೋಳರು ಕರಿಕಾಲನ ಕುಲದವರೆಂದು ಹೇಳಿಕೊಂಡು ‘ಒರೆಯೂರು ಪುರವರಾಧೀಶ್ವರ’ರೆನಿಸಿಕೊಂಡರು. ಅವರಲ್ಲಿ ಇರುಂಗೋಳ ಎಂಬ ಹೆಸರು ತಲೆಮಾರಿನಿಂದ ತಲೆಮಾರಿಗೆ ಮರಳುತ್ತದೆ. ಒಂದೇ ಊರಲ್ಲಿ ಮೊದಲು ಕಂಚಿಯ ಒಡೆಯರು, ಆಮೇಲೆ ಒರೆಯೂರಿನ ಒಡೆಯರು. ಆಡಿದ ಮಾತು, ಕಡೆಸಿದ ಶಾಸನ ಬಹುಪಾಲು ಕನ್ನಡ! ಪಾಳೆಯಗಾರರ ಕಾಲಕ್ಕೂ ಒಂದೇ ಹೆಸರನ್ನು ಮತ್ತೆ ಮತ್ತೆ ಇಟ್ಟುಕೊಳ್ಳುವ ಚಾಳಿ ಬಿಡಲಿಲ್ಲ. ಆವತಿಯ ಮೂಲದ ಬೈರೇಗೌಡ ಎಂಬ ಹೆಸರು ದೇವನಹಳ್ಳಿಯಲ್ಲೂ ಹೊಳವನಹಳ್ಳಿಯಲ್ಲೂ ಕೊರಟಗೆರೆಯಲ್ಲೂ ಮೆರೆಯಿತು. 1678ರಲ್ಲಿ ಚಿಕ್ಕದೇವರಾಜ ಒಡೆಯರ ದಂಡು ಮಧುಗಿರಿ ಹಿಡಿದಾಗ, 1687ರಲ್ಲಿ ಮೊಗಲರು ಶಿರಾವನ್ನು ಸುಬೆಯ ಕಸಬಾ ಮಾಡಿಕೊಂಡಾಗ, ನೊಳಂಬವಾಡಿ ಎಂಬ ಮಾತು ಯಾವ ದಫ್ತರದಲ್ಲೂ ಇರಲಿಲ್ಲ.

ಆ ಹೊತ್ತಿಗೆ ಹೆಸರು ಅರಸರ ಕೈಬಿಟ್ಟು ಒಕ್ಕಲಿನ ಮನೆ ಸೇರಿತ್ತು. ತುಮಕೂರು ಜಿಲ್ಲೆಯ ತುಂಬ ಹರಡಿರುವ, ಸೊನ್ನಲಿಗೆಯ ಸಿದ್ಧರಾಮನನ್ನು ಕುಲಗುರುವೆಂದು ನಡೆದುಕೊಳ್ಳುವ ನೊಣಬರನ್ನು ನೊಳಂಬವಾಡಿಯ ಹಳೆಯ ಪ್ರಜೆಗಳ ಸಂತತಿಯೆಂದು ಶಾಸನತಜ್ಞ ಬಿ.ಎಲ್. ರೈಸ್ ಗುರುತಿಸಿದರು. ಪ್ರತಿ ಜನವರಿ, ಸಂಕ್ರಾಂತಿಯ ಆಜುಬಾಜಿನಲ್ಲಿ, ಸಿದ್ಧರಾಮ ಜಯಂತಿಗೆ ನೊಳಂಬ ಎಂಬ ಹೆಸರಿನ ಬ್ಯಾನರಿನ ಕೆಳಗೆ ಜನ ನೆರೆಯುತ್ತಾರೆ. ರಾಷ್ಟ್ರಕೂಟರ ಹೆಸರು ಇಷ್ಟು ಜನರ ನಾಲಗೆಯ ಮೇಲೆ ಉಳಿದಿಲ್ಲ.

ಕಲ್ಲುಗಳ ಗತಿ ಮಾತ್ರ ಚೆಲ್ಲಾಪಿಲ್ಲಿ. ನುಣುಪು ಕಪ್ಪುಕಲ್ಲಿನ ಒಂದಷ್ಟು ನೊಳಂಬ ಕಂಬಗಳು ತಂಜಾವೂರು ಸೀಮೆಯ ತಿರುವೈಯಾರಿನ ಐಯಾರಪ್ಪರ್ ದೇವಾಲಯದಲ್ಲಿವೆ. ರಾಜೇಂದ್ರ ಚೋಳ ಗೆದ್ದು ಸಾಗಿಸಿದ್ದೆಂದು ಕಲಾ ಇತಿಹಾಸಕಾರರ ಮತ. ಕೆಲವು ಶಿಲ್ಪಗಳು ಚೆನ್ನೈ ಸಂಗ್ರಹಾಲಯ ಸೇರಿದವು. ಹೇಮಾವತಿಯಲ್ಲಿ ಉಳಿದ ದೊಡ್ಡೇಶ್ವರನ ಗುಡಿಯ ಜಾಲಂಧ್ರಗಳನ್ನು ಹತ್ತಿರ ನಿಂತು ನೋಡಬೇಕು: ಕಲ್ಲಿನ ಬಳ್ಳಿಯ ಸುರುಳಿಗಳ ನಡುವೆ ದೇವತೆಗಳು, ಸಂದುಗಳಲ್ಲಿ ಬೆಳಕು. ಪಕ್ಕದ ಸಿದ್ಧೇಶ್ವರ ಇಂದಿಗೂ ಸುತ್ತಲಿನವರಿಗೆ ಹೆಂಜೇರಪ್ಪ.

ಹೇಮಾವತಿ ಈಗ ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆ, ಅಮರಾಪುರಂ ಮಂಡಲದಲ್ಲಿದೆ. ತುಮಕೂರು ಜಿಲ್ಲೆಯ ಶಾಲೆಗಳವರು ಪ್ರವಾಸಕ್ಕೆಂದು ಬಸ್ಸು ಮಾಡಿಕೊಂಡು ಬೇಲೂರು, ಹಳೇಬೀಡಿಗೆ ಹೋಗುತ್ತಾರೆ, ಹೋಗಲಿ. ಒಂದು ವರ್ಷವಾದರೂ ಆ ಬಸ್ಸನ್ನು ಅಮರಾಪುರದ ದಾರಿಗೆ ತಿರುಗಿಸಿ ಮಕ್ಕಳಿಗೆ ಹೆಂಜೇರನ್ನು ತೋರಿಸಲಿ.